ಜೆಲ್ಲಿನ ಟ್ಯೂಬು, ಅರಿಶಿನದ ಮುಡಿಪು

ಮುಟ್ಟು ನಿಂತು ಹನ್ನೊಂದು ವರ್ಷವಾಗಿತ್ತು. ಮತ್ತೆ ರಕ್ತ ಕಂಡಿತು.

ಯಾವಾಗ ಕಂಡಿತು ಎಂದು ಎಲ್ಲರೂ ಕೇಳಿದರು. ಸೊಸೆ ಕೇಳಿದಳು, ಲೇಡಿ ಡಾಕ್ಟರು ಕೇಳಿದರು, ಸ್ಕ್ಯಾನ್ ಮಾಡುವವಳು ಕೇಳಿದಳು. ಬಟ್ಟೆ ಒಗೆಯುವಾಗ ಎಂದೆ. ಅದು ಸುಳ್ಳು. ಮಧ್ಯಾಹ್ನ ಗಂಡನ ಜೊತೆ ಮಲಗಿ ಎದ್ದಾಗ ಹಾಸಿಗೆಯ ಮೇಲೆ ಕಂಡದ್ದು. ಅರವತ್ತೆರಡು ವರ್ಷದ ಅಜ್ಜಿಗೆ ಅದೆಲ್ಲ ಇತ್ತೇ ಎನ್ನುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ಇತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹುಟ್ಟಿದ್ದು ಕೆ.ಆರ್. ಪುರದ ಆಚೆ, ಸೊಪ್ಪು ಬೆಳೆಯುವವರ ಮನೆಯಲ್ಲಿ. ಕೊಟ್ಟಿದ್ದು ಮರ್ಫಿ ಟೌನಿಗೆ. ಯಜಮಾನರು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನ ಏಳುವರು. ಅದೇ ಹೊತ್ತಿಗೆ ನಮ್ಮತ್ತೆ ಎಲೆಅಡಿಕೆ ಚೀಲ ಹಿಡಿದು ಪಕ್ಕದ ಮನೆಗೆ ಹೋಗುವರು. ಹಾಗಾಗಿ ನಮ್ಮ ಸಂಸಾರವೆಲ್ಲ ಹಗಲಲ್ಲೇ ನಡೆಯಿತು. ಸೊಸೆ ಹೊಸ್ತಿಲು ದಾಟಿ ಬಂದ ದಿನ ಅತ್ತೆಯಾದವಳು ತನ್ನ ಹಾಸಿಗೆ ಎತ್ತಿ ಅಡುಗೆಮನೆ ಪಕ್ಕ ಹಾಕಿಕೊಳ್ಳಬೇಕು. ನಮ್ಮವರಲ್ಲಿ ಅದು ಪದ್ಧತಿ. ನಾನೂ ಎತ್ತಿ ಹಾಕಿಕೊಂಡೆ. ಹಾಸಿಗೆ ಬೇರೆಯಾಯಿತು. ಮಧ್ಯಾಹ್ನ ಬೇರೆಯಾಗಲಿಲ್ಲ. ಮಗ, ಸೊಸೆ ಮಹಡಿಯ ಮೇಲಿನ ಮನೆಯಲ್ಲಿದ್ದರು, ಇಬ್ಬರೂ ಕೆಲಸಕ್ಕೆ ಹೋಗುವವರು, ಮೊಮ್ಮಗಳು ಸ್ಕೂಲಿಗೆ.

ದೊಡ್ಡಾಸ್ಪತ್ರೆಯಲ್ಲಿ ಚೂರು ಮಾಂಸ ಕತ್ತರಿಸಿ ಟೆಸ್ಟಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಗ ಅವರಪ್ಪನಿಗೆ ಹೇಳಿದ. ನಾನು ಬೆಂಚಿನ ಮೇಲೆ ಫೈಲು ಹಿಡಿದು ಕೂತಿದ್ದೆ. ಹಿಂದಿರುಗುವಾಗ ಹಲಸೂರಿನ ಸಿಗ್ನಲ್‌ನಲ್ಲಿ ಆಟೋ ನಿಂತಿತು. ಆಗ ಕೇಳಿದೆ, ‘ಏನಂತೆ?’

‘ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಅಂತೆ’ ಎಂದರು ಯಜಮಾನರು. ಮುಖ ರಸ್ತೆಯ ಕಡೆಗಿತ್ತು.

ಸಿಗ್ನಲ್ ಬಿಟ್ಟಿತು.

ಆಪರೇಷನ್ ಬೇಡ, ರೇಡಿಯೇಷನ್ ಸಾಕು ಎಂದರು. ವಾರ್ಡಿನಲ್ಲಿ ಅದನ್ನು ಎಲ್ಲರೂ ಕರೆಂಟ್ ಎನ್ನುತ್ತಿದ್ದರು. ಐದು ವಾರ, ಶನಿವಾರ ಭಾನುವಾರ ಬಿಟ್ಟು ದಿನಾ. ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡು ಮೆಷಿನ್ ಕೆಳಗೆ ಅಲುಗಾಡದೆ ಮಲಗಬೇಕು. ನೋವಿಲ್ಲ. ನೋವು ಆಮೇಲೆ. ಮೂರನೇ ವಾರಕ್ಕೆ ಭೇದಿ ಹತ್ತಿತು. ಕಿಬ್ಬೊಟ್ಟೆ, ತೊಡೆಸಂದು ಕರ್ರಗಾಗಿ ಸುಲಿಯಿತು. ಕೊನೆಗೆ ಮೂರು ಸಲ ಒಳಗೇ ಕೊಳವೆಯಿಟ್ಟು ಕರೆಂಟ್ ಕೊಟ್ಟರು. ಕಾಲು ಮೇಲಕ್ಕೆ ಕಟ್ಟಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಹೋದರು. ಆ ಕೋಣೆಯಲ್ಲಿ ನಾನೊಬ್ಬಳೇ. ಸ್ಪೀಕರಿನಲ್ಲಿ ಒಂದು ದನಿ ‘ಅಜ್ಜಿ, ಅಲ್ಲಾಡ್ಬೇಡಿ’ ಎಂದಿತು. ಎಲ್ಲಿಗೆ ಅಲ್ಲಾಡಲಿ?

ಮನೆಗೆ ಕಳಿಸುವ ದಿನ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಒಂದು ಹಾಳೆ ಓದಿ ಹೇಳಿದರು. ಊಟ ಹೀಗೆ, ನೀರು ಹೀಗೆ, ಚೆಕಪ್ ಆವಾಗ. ಒಂದು ಸಾಲು ಬಂದಾಗ ನನ್ನ ಮುಖ ನೋಡಿದರು.

‘ಇದು ನಿಮಗೆ ಬೇಕಾಗಲ್ಲ ಅಜ್ಜಿ’ ಎಂದು ಪೆನ್ನಿನಿಂದ ಗೀಟು ಎಳೆದರು.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಗೀಟಿನ ಕೆಳಗಿದ್ದುದನ್ನು ಓದಿದೆ. ಅಕ್ಷರ ಕೂಡಿಸಲು ಹೊತ್ತು ಹಿಡಿಯಿತು. ‘ಲೈಂಗಿಕ ಸಂಪರ್ಕ’ ಎಂದಿತ್ತು. ಮುಂದಿನದು ಗೀಟಿನಲ್ಲಿ ಮುಚ್ಚಿಹೋಗಿತ್ತು.

ಮನೆಯಲ್ಲಿ ನನಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಸುಳ್ಳು ಯಾಕೆ ಹೇಳಲಿ. ಸೊಸೆ ಸವಿತಾ ಆಫೀಸಿಗೆ ಹೋಗುವ ಮೊದಲು ಗಂಜಿ ಮಾಡಿ ಫ್ಲಾಸ್ಕಿಗೆ ಹಾಕಿಡುತ್ತಿದ್ದಳು. ನೆಂಟರು ಬಂದರು, ಬಾಳೆಹಣ್ಣಿಟ್ಟರು, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತು ಎದ್ದು ಹೋದರು. ಯಜಮಾನರು ಮಾತ್ರೆ ಎಣಿಸಿ ಕೊಡುವರು, ನೀರಿನ ಲೋಟವನ್ನು ಕೈಗೆ ಕೊಡದೆ ಸ್ಟೂಲಿನ ಮೇಲಿಡುವರು. ಮಧ್ಯಾಹ್ನವಾದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವರು. ಆಟೋ ಹತ್ತುವಾಗ ನಾನು ಕೈ ಚಾಚಿದರೆ ಮಗನನ್ನು ಕರೆಯುವರು. ವಾಸನೆಗೆ ಹೇಸುತ್ತಿದ್ದಾರೆ ಎಂದುಕೊಂಡೆ. ದಿನಕ್ಕೆರಡು ಸಲ ಸ್ನಾನ ಮಾಡಿದೆ. ಆದರೂ ಅಷ್ಟೇ.

ಮಗ ಆಟೋ ಹತ್ತಿಸಿದ್ದು ಬಿಟ್ಟರೆ, ಆರು ತಿಂಗಳಲ್ಲಿ ನನ್ನನ್ನು ಮುಟ್ಟಿದ ಕೈಗಳಿಗೆಲ್ಲ ಗ್ಲೌಸ್ ಇತ್ತು.

ಮೊದಲ ಚೆಕಪ್ಪಿನಲ್ಲಿ ಡಾಕ್ಟರಿಗೆ ಒಳಗೆ ನೋಡಲು ಆಗಲೇ ಇಲ್ಲ. ನಾನು ಕಿರುಚಿದೆ. ಆಮೇಲೆ ಸ್ಟೆಲ್ಲಾ ಸಿಸ್ಟರ್ ಪರದೆ ಎಳೆದು ನನ್ನ ಪಕ್ಕ ಕೂತರು. ನನಗಿಂತ ಹತ್ತು ವರ್ಷ ಚಿಕ್ಕವರು, ಶಿವಾಜಿನಗರದವರು.

‘ಅಮ್ಮಾ, ನಿಮಗೆ ಯಾರೂ ಹೇಳಿಲ್ವಾ? ಕರೆಂಟ್ ಆದ್ಮೇಲೆ ಒಳಗಡೆ ಒಣಗುತ್ತೆ, ಅಂಟ್ಕೊಳ್ಳುತ್ತೆ. ಹಂಗೇ ಬಿಟ್ರೆ ದಾರಿ ಮುಚ್ಚೋಗುತ್ತೆ. ಡೈಲೇಟರ್ ಅಂತ, ಈ ಪ್ಲಾಸ್ಟಿಕ್ ಕೋಲು, ಸಣ್ಣದು ದೊಡ್ಡದು ಸೈಜುವಾರು ಇದಾವೆ, ತಗೊಂಡ್ಹೋಗಿ ಒಳಗೆ ಹಾಕ್ಬೇಕು, ವಾರಕ್ಕೆ ಮೂರು ಸಲ. ಜೆಲ್ ಹಚ್ಚಿ, ನಿಧಾನಕ್ಕೆ.’

‘ಗಂಡ?’ ಎಂದೆ.

ಸಿಸ್ಟರ್ ನನ್ನನ್ನು ನೋಡಿದರು. ನಗಲಿಲ್ಲ. ‘ಯಜಮಾನರ ಜೊತೆನೂ ಆಗ್ಬಹುದು. ಡಾಕ್ಟರ್ ಹತ್ರ ಕೇಳೇ ಹೇಳ್ತಿದೀನಿ. ಅದಕ್ಕೂ ಜೆಲ್ ಬೇಕು. ನೀರಿನ ಥರ ಇರೋದು, ವಾಟರ್ ಬೇಸ್ ಅಂತ ಕೇಳಿ.’

‘ಹರಳೆಣ್ಣೆ ಆಗಲ್ವಾ?’

‘ಅಯ್ಯೋ ಅಮ್ಮಾ, ಹರಳೆಣ್ಣೆ ತಲೆಗೆ ಹಚ್ಕೊಳ್ಳಿ.’

ಮರ್ಫಿ ಟೌನಿನ ಮೆಡಿಕಲ್ ಶಾಪಿನವನು ನನ್ನ ಮಗನ ಜೊತೆ ಓದಿದವನು. ಅಲ್ಲಿ ಕೇಳುವ ಹಾಗಿರಲಿಲ್ಲ. ಬಸ್ಸು ಹತ್ತಿ ಇಂದಿರಾನಗರಕ್ಕೆ ಹೋದೆ. ನೂರಡಿ ರಸ್ತೆಯ ದೊಡ್ಡ ಅಂಗಡಿ, ಕೌಂಟರಿನಲ್ಲಿ ಒಬ್ಬಳು ಹೆಂಗಸು. ಕೆಮ್ಮಿನ ಔಷಧಿ ಕೇಳುವ ದನಿಯಲ್ಲೇ ಕೇಳಿದೆ. ‘ಗಂಡ ಹೆಂಡತಿ ಹಚ್ಕೊಳ್ಳೋ ಜೆಲ್ ಕೊಡಮ್ಮ. ವಾಟರ್ ಬೇಸು. ವಾಸನೆ ಇರೋದು ಬೇಡ, ಕ್ಯಾನ್ಸರ್ ಟ್ರೀಟ್‌ಮೆಂಟ್ ಆಗಿದೆ.’ ನನ್ನ ಹಿಂದೆ ನಿಂತಿದ್ದವರು ಫೋನು ನೋಡತೊಡಗಿದರು. ಆಕೆ ಎರಡು ಟ್ಯೂಬು ತಂದು, ಒಂದರ ಹಿಂದಿನ ಬರಹ ಓದಿ, ‘ಇದು ತಗೊಳ್ಳಿ ಆಂಟಿ, ಉರಿಯಲ್ಲ’ ಎಂದಳು. ಖಾಕಿ ಕವರಿಗೆ ಹಾಕಲು ಹೋದಳು. ಹಾಗೇ ಕೊಡು ಎಂದೆ, ಕವರು ದಂಡ.

ಡೈಲೇಟರ್ ಕೆಲಸವನ್ನು ಹೀಗೆ ಮಾಡಿದೆ. ಮಧ್ಯಾಹ್ನ ಯಜಮಾನರೂ ಹೊರಗೆ ಹೋಗಿ ಮನೆ ಖಾಲಿಯಾದ ಮೇಲೆ ಬಾಗಿಲು ಹಾಕಿ, ಮಂಡಿ ಮಡಿಸಿ ಮಲಗಿ, ಜೆಲ್ ಹಚ್ಚಿ. ಬೆರಳಿಗೆ ಅದು ಲೋಳೆಸರದ ಹಾಗೆ ತಣ್ಣಗಿತ್ತು. ಮೊದಲ ದಿನ ಅರ್ಧ ಬೆರಳಿನಷ್ಟು. ಅತ್ತುಬಿಟ್ಟೆ. ನೋವಿಗಲ್ಲ. ಆ ಜಾಗದಲ್ಲಿ ಮಗನನ್ನು ಹೆತ್ತಿದ್ದೇನೆ, ಗಂಡನ ಜೊತೆ ಬಾಳಿದ್ದೇನೆ. ಈಗ ಪ್ಲಾಸ್ಟಿಕ್ ಕೋಲು ಹಿಡಿದು ಗೋಡೆ ಗಡಿಯಾರ ನೋಡುತ್ತಾ ಹತ್ತು ನಿಮಿಷ ಮಲಗಿರಬೇಕು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ. ಅವನನ್ನು ಕರೆದಾದರೂ ಮಾತಾಡಿಸೋಣವೇ ಎನ್ನುವಷ್ಟು ಒಂಟಿಯಾಗಿದ್ದೆ. ದೇಹವನ್ನು ರಿಪೇರಿ ಮಾಡುವುದು ಒಂದು, ಅದರಲ್ಲಿ ವಾಸ ಮಾಡುವುದು ಇನ್ನೊಂದು ಎಂದು ನನಗೆ ಆಗ ಗೊತ್ತಾಯಿತು.

ಆರು ವಾರ ಮಾಡಿದೆ. ಒಂದು ಸೈಜು ಮೇಲಕ್ಕೆ ಹೋಯಿತು.

ಒಂದು ದಿನ ಟ್ಯೂಬು ಎತ್ತಿಡುವುದು ಮರೆತೆ. ಫ್ಲಾಸ್ಕು ತೊಳೆಯಲು ಬಂದ ಸವಿತಾ ಹೆಸರು ಓದಿದಳು, ಇದ್ದಲ್ಲೇ ಇಟ್ಟಳು. ಮಾರನೇ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ಅತ್ತೆ, ಪಾಪು ಸ್ಕೂಲ್ ಬಿಟ್ಮೇಲೆ ನಮ್ಮಮ್ಮನ ಮನೇಲಿರ್ತಾಳೆ. ಸಂಜೆವರ್ಗೂ ಯಾರೂ ಬರಲ್ಲ’ ಎಂದಳು.

‘ನಾನೇನು ಕೇಳಿದ್ನಾ?’

‘ನೀವೆಲ್ಲಿ ಕೇಳ್ತೀರ’ ಎಂದು ಹೆಲ್ಮೆಟ್ ಹಾಕಿಕೊಂಡು ಹೋದಳು.

ಅವತ್ತು ಯಜಮಾನರು ಚಪ್ಪಲಿ ಮೆಟ್ಟಿಕೊಳ್ಳುವ ಮೊದಲೇ ಬಾಗಿಲ ಚಿಲಕ ಹಾಕಿದೆ. ಟ್ಯೂಬನ್ನು ಮಂಚದ ಮೇಲಿಟ್ಟೆ. ಅದೇನು, ಯಾಕೆ, ಸಿಸ್ಟರ್ ಏನು ಹೇಳಿದರು ಎಲ್ಲ ಹೇಳಿದೆ. ಅವರು ಟ್ಯೂಬನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಫ್ಯಾಕ್ಟರಿಯಲ್ಲಿ ಗ್ರೀಸ್ ಡಬ್ಬಿಯನ್ನು ಹೀಗೇ ಓದುತ್ತಿದ್ದಿರಬೇಕು.

‘ಒಣಗಿದ ಬೇರಿಂಗ್ ಓಡಿಸ್ಬಾರ್ದು, ಸರಿ’ ಎಂದರು. ಆಮೇಲೆ ವಾಪಸ್ ಇಟ್ಟುಬಿಟ್ಟರು. ‘ಆಗಲ್ಲ ಕಣೇ.’

‘ಹೇಸಿಗೆನಾ?’

‘ಥೂ, ಏನ್ ಮಾತು ಅಂತ ಆಡ್ತೀಯ.’

‘ಮತ್ತೆ?’

ದೇವರ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ಮಾರಮ್ಮನ ಫೋಟೋ ಮುಂದೆ ಒಂದು ಮುಡಿಪಿತ್ತು. ಹರಕೆ ಹೊತ್ತವರು ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಇಡುತ್ತಾರಲ್ಲ, ಅದು. ಹರಕೆ ತೀರುವವರೆಗೆ ಬಿಚ್ಚುವ ಹಾಗಿಲ್ಲ. ನನ್ನ ಕಾಯಿಲೆ ವಾಸಿಯಾಗಲೆಂದು ಕಟ್ಟಿದ್ದಾರೆ ಎಂದು ನನಗೆ ಗೊತ್ತಿತ್ತು. ಪ್ರತಿ ಮಂಗಳವಾರ ನಾನೇ ಅದಕ್ಕೆ ಕುಂಕುಮವಿಟ್ಟು ಕೈಮುಗಿಯುತ್ತಿದ್ದೆ. ಬದಲಿಗೆ ಏನು ಕೊಡುತ್ತೇನೆ ಎಂದು ಹೇಳಿಕೊಂಡಿದ್ದಾರೆ ಎಂದು ಕೇಳಿರಲಿಲ್ಲ.

‘ಅವಳನ್ನ ಉಳಿಸು ತಾಯಿ, ಇನ್ಮೇಲೆ ಅವಳ ಮೈ ಮುಟ್ಟಲ್ಲ ಅಂತ ಹೇಳ್ಕೊಂಡೆ’ ಎಂದರು. ‘ಅವತ್ತು ರಕ್ತ ನೋಡಿದ್ನಲ್ಲ. ನನ್ನಿಂದ್ಲೇ ಆಯ್ತು ಇದು.’

ಅಷ್ಟು ತಿಂಗಳು ನನ್ನ ಒಂಟಿತನಕ್ಕೆ ನಾನೇ ಕುಂಕುಮ ಇಟ್ಟಿದ್ದೆ.

‘ನಿಮ್ಮಿಂದ ಆಗಿದ್ದು ಮಗ ಒಬ್ಬನೇ’ ಎಂದೆ. ‘ಇದು ಒಂದು ಮಧ್ಯಾಹ್ನದಲ್ಲಿ ಬರೋ ಕಾಯಿಲೆ ಅಲ್ಲ, ವರ್ಷಾನುಗಟ್ಲೆ ಒಳಗೇ ಇತ್ತಂತೆ. ಅದು ಬಿಡಿ. ಹರಕೆಗೆ ನಿಮ್ಮ ಕೂದಲು ಕೊಡ್ಬೋದಿತ್ತು, ಬೀಡಿ ಬಿಡ್ಬೋದಿತ್ತು. ಇದರಲ್ಲಿ ಅರ್ಧ ನಂದು. ನನ್ನ ಕೇಳ್ದೆ ಹೆಂಗ್ ಕೊಟ್ರಿ?’

‘ನೀನು ಉಳಿದ್ಯಲ್ಲ’ ಎಂದರು. ‘ಈಗ ಮಾತು ತಪ್ಪಿ, ನಾಳೆ ಚೆಕಪ್ಪಲ್ಲಿ ಏನಾದ್ರೂ ಅಂದ್ರೆ?’

ಬಾಯಿ ಜೋರು ಮಾಡಿದೆನೇ ಹೊರತು ನನಗೂ ಭಯವಾಯಿತು. ಮಾರಮ್ಮನನ್ನು ನಾನೂ ನಂಬಿದವಳು. ಮುಡಿಪಿನ ಕಡೆ ಮೂರು ದಿನ ನೋಡಲಿಲ್ಲ. ನಾಲ್ಕನೇ ದಿನ ಮಂಗಳವಾರ. ಕುಂಕುಮದ ಬಟ್ಟಲು ಕೈಗೆ ತೆಗೆದುಕೊಂಡೆ, ಇಡಲಾಗಲಿಲ್ಲ. ಉಳಿಯುವುದೆಂದರೆ ಉಸಿರಾಡುವುದಷ್ಟೇ ಆದರೆ ಆ ಸ್ಪೀಕರಿನ ಕೋಣೆಯಲ್ಲೇ ಇನ್ನೂ ಮಲಗಿದ್ದೇನೆ ಎಂದ ಹಾಗೆ. ಮುಡಿಪನ್ನು ಸೆರಗಿಗೆ ಕಟ್ಟಿಕೊಂಡು, ‘ಏಳಿ, ಗುಡಿಗೆ ಹೋಗೋಣ’ ಎಂದೆ.

ಬೀದಿ ಕೊನೆಯ ಗುಡಿಯಲ್ಲಿ ಪೂಜೆ ಮಾಡುವುದು ಒಬ್ಬಳು ಮುದುಕಿ. ನನಗಿಂತ ಬಾಯಿ ಜೋರು.

‘ಏನು ಹರಕೆ, ಯಾಕೆ ಬಿಡಿಸ್ಬೇಕು?’ ಎಂದಳು.

ಯಜಮಾನರು ನೆಲ ನೋಡಿದರು. ನಾನೇ ಹೇಳಿದೆ. ‘ನನ್ನ ಮುಟ್ಟಲ್ಲ ಅಂತ ಹೇಳ್ಕೊಂಡಿದಾರೆ. ನನ್ನ ಕೇಳಿಲ್ಲ.’

ಪೂಜಾರಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ‘ಏನಪ್ಪಾ, ಪಕ್ಕದ ಮನೆ ಕೋಳಿ ಹಿಡಿದು ಅಮ್ಮನಿಗೆ ಬಿಟ್ಟಂಗಾಯ್ತಲ್ಲ! ಅಂಥದ್ದನ್ನ ಅವಳು ಮುಟ್ತಾಳಾ? ತಂಬಿಟ್ಟಿನ ದೀಪ ಹಚ್ಚಿ ತಪ್ಪಾಯ್ತು ಅನ್ನು.’

‘ಅಮ್ಮನಿಗಾ?’

‘ಇಬ್ಬರಿಗೂ ಅನ್ನು.’

ಮುಂದಿನ ಮಂಗಳವಾರ ತಂಬಿಟ್ಟಿನ ದೀಪ ಹಚ್ಚಿದೆವು. ಅಮ್ಮನಿಗೆ ಅಡ್ಡಬಿದ್ದು ಎದ್ದವರು ನನ್ನ ಕಡೆ ತಿರುಗಿ, ಜನ ಇದ್ದಾರೆಯೇ ಎಂದು ನೋಡಿ, ‘ತಪ್ಪಾಯ್ತು’ ಎಂದರು. ಮುಡಿಪು ಬಿಚ್ಚಿ ನಾಣ್ಯವನ್ನು ಹುಂಡಿಗೆ ಹಾಕಿದರು. ಭಯ ಅವರಿಗೂ ಹೋಗಿರಲಿಲ್ಲ, ನನಗೂ.

ಗುರುವಾರ ಮಧ್ಯಾಹ್ನ. ಕಿಟಕಿ ಪರದೆ ಎಳೆದೆ. ಮುಚ್ಚಳ ಅವರೇ ತೆಗೆದರು. ಬಹಳ ಹಿಂಡಿದರು, ಹಾಸಿಗೆಗೆಲ್ಲ ಬಿತ್ತು. ‘ಗ್ರೀಸ್ ಗನ್ ಅಲ್ಲ ರೀ ಅದು’ ಎಂದೆ. ಇಬ್ಬರಿಗೂ ನಗು ಬಂತು. ನನ್ನ ಹೊಟ್ಟೆಯ ಕೆಳಗಿನ ಕರ್ರಗಾದ ಚರ್ಮ ನೋಡಿ ಅವರ ನಗು ನಿಂತಿತು. ಅಂಗೈಯಲ್ಲಿ ಜೆಲ್ ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ.

ಹಿಂದಿನ ಹಾಗೆ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜೆಲ್ ಇದ್ದದ್ದರಿಂದ ಕಿರುಚುವಂಥ ನೋವಿರಲಿಲ್ಲ. ಸ್ವಲ್ಪ ದೂರದವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಚುಚ್ಚಿತು. ನಾನು ಹಲ್ಲು ಕಚ್ಚಿದ್ದು ಅವರಿಗೆ ಗೊತ್ತಾಯಿತು.

‘ನೋಯ್ತಾ?’

ನಲವತ್ತು ವರ್ಷದ ಮೇಲಾಯಿತು ಮದುವೆಯಾಗಿ. ಆ ಮಾತನ್ನು ಅವರು ಒಂದು ದಿನವೂ ಕೇಳಿದವರಲ್ಲ, ನಾನೂ ಹೇಳಿದವಳಲ್ಲ.

‘ನೋಯ್ತು. ಇವತ್ತಿಗೆ ಸಾಕು’ ಎಂದೆ.

ಪಕ್ಕಕ್ಕೆ ಮಲಗಿದರು. ಸ್ವಲ್ಪ ಹೊತ್ತಾದ ಮೇಲೆ ಜೆಲ್ ಅಂಟಿದ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ಕರ್ರಗಾದ ಜಾಗದಲ್ಲೇ.

ಮೂರು ತಿಂಗಳಿಗೆ ಮತ್ತೆ ಚೆಕಪ್ ಇದೆ. ಏನು ಹೇಳುತ್ತಾರೋ ಗೊತ್ತಿಲ್ಲ. ಡೈಲೇಟರ್ ಈಗಲೂ ನಡೆದಿದೆ, ಆ ಹತ್ತು ನಿಮಿಷ ಈಗಲೂ ನಾನೊಬ್ಬಳೇ. ಅದಕ್ಕೆ ಯಾರೂ ಜೊತೆಯಾಗಲು ಬರುವುದಿಲ್ಲ. ಆದರೆ ಲೋಟವನ್ನು ಸ್ಟೂಲಿನ ಮೇಲಿಡುವುದು ನಿಂತಿದೆ. ಕೈಗೇ ಕೊಡುತ್ತಾರೆ.

ಆ ಗುರುವಾರ ಮಧ್ಯಾಹ್ನ, ‘ಅಂಟಂಟು ಆಗ್ತಿದೆ, ಕೈ ತೆಗೀಲಾ?’ ಎಂದು ಕೇಳಿದರು.

ಬೇಡ ಎಂದೆ.