ಓಲ್ಡ್ ಬ್ರಿಡ್ಜ್‌ಗೆ ಹೋದ ಮೂರು ರೂಬಾರ್ಬ್ ಗಡ್ಡೆ

ಅಮೆರಿಕದ ಕೆಂಡಲ್ ಪಾರ್ಕ್ ಊರಿನ ಅಂಚಿನ ಈ ತೋಟದಲ್ಲಿ ಈಗ ಬೆಳಗಿನ ಆರು ಗಂಟೆ. ಸೀರೆಯ ಮೇಲೆ ಗಂಡನ ಹಳೆಯ ಕೋಟು, ಕಾಲಿಗೆ ರಬ್ಬರ್ ಬೂಟು ತೊಟ್ಟ ಗುರುಸಿದ್ದಮ್ಮ ಸಲಿಕೆಯ ಮೇಲೆ ಕಾಲಿಟ್ಟು ಒತ್ತುತ್ತಾರೆ. ಹುಳಿ ದಂಟಿನ ರೂಬಾರ್ಬ್ ಗಿಡದ ಸುತ್ತ ಒಂದಡಿ ಬಿಟ್ಟು ಅಗೆದು, ಸುವರ್ಣಗಡ್ಡೆಯಷ್ಟು ದಪ್ಪನೆಯ ಬುಡವನ್ನು ಮೇಲಕ್ಕೆತ್ತುತ್ತಾರೆ. ಪತ್ರಿಕೆಗೆ ಬರೆಯಲು ಮಾತನಾಡಿಸೋಣವೆಂದು ಹತ್ತಿರ ಹೋದ ನನ್ನ ಕೈಗೆ ಗೋಣಿಚೀಲ ತುರುಕುತ್ತಾರೆ. "ಮಾತು ಆಮ್ಯಾಲ. ಮೊದ್ಲ ಇದನ್ನ ಹಿಡೀರಿ."

ಅವಸರಕ್ಕೆ ಕಾರಣವಿದೆ. ತೋಟದ ಯಜಮಾನಿ, ಎಂಬತ್ತು ದಾಟಿದ ಅಮೆರಿಕನ್ ಅಜ್ಜಿ, ಜಮೀನನ್ನು ಮನೆ ಕಟ್ಟುವವರಿಗೆ ಮಾರಿಬಿಟ್ಟಿದ್ದಾರೆ. ಸೋಮವಾರ ಬುಲ್‌ಡೋಜರ್ ಬರುತ್ತದೆ. ಇವತ್ತು ಶನಿವಾರ. ಒಟ್ಟು ನಲವತ್ತೆಂಟು ಗಿಡಗಳಲ್ಲಿ ಮೂವತ್ತೇಳನ್ನು ಕಿತ್ತು, ಹೋಳು ಮಾಡಿ, ಇಲ್ಲಿನ ಕನ್ನಡದವರ ಇಪ್ಪತ್ತೆರಡು ಮನೆಗಳಿಗೆ ಹಂಚಿದ್ದಾಗಿದೆ. ಉಳಿದದ್ದು ಹನ್ನೊಂದು.

ಆದರೆ ಗುರುಸಿದ್ದಮ್ಮ ಕಾಲು ಸುಟ್ಟ ಬೆಕ್ಕಿನ ಹಾಗೆ ಆಡುತ್ತಿರುವುದು ಬುಲ್‌ಡೋಜರ್‌ಗಲ್ಲ. ಎರಡು ಗಿಡ ಅಗೆಯುತ್ತಾರೆ, ಸಲಿಕೆ ಬಿಸಾಕಿ ಅಜ್ಜಿಯ ಅಡುಗೆಮನೆಗೆ ಓಡುತ್ತಾರೆ, ಫೋನ್ ತಿರುಗಿಸುತ್ತಾರೆ, ಆ ಕಡೆ ಯಾರೂ ಎತ್ತಲಿಲ್ಲವೆಂದು ಬೈದುಕೊಳ್ಳುತ್ತಾ ಬರುತ್ತಾರೆ. ನಿನ್ನೆ ಸಂಜೆ ಇವರು ಮನೆಗೆ ಹೋದ ಮೇಲೆ ಪಕ್ಕದೂರು ಓಲ್ಡ್ ಬ್ರಿಡ್ಜ್‌ನ ದಿವಾಕರ ಆಫೀಸಿನಿಂದ ಹಾಗೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಪಾಪ, ಅಜ್ಜಿ ಏನೂ ಹೇಳದೆ ಮೂರು ಗಡ್ಡೆಗಳನ್ನು ಎಲೆಯ ಸಮೇತ ಕೊಟ್ಟು ಕಳಿಸಿದ್ದಾರೆ.

"ಎಲಿ ವಿಷ ಅದ್ರೀ. ದಂಟಷ್ಟೇ ತಿನ್ನೂದು. ನಾ ಕೊಡೂವಾಗ ಎಲ್ಲಾ ಎಲಿ ಕೊಯ್ದು ಗುಂಡ್ಯಾಗ ಮುಚ್ಚೇ ಕೊಡ್ತೀನಿ. ಎಲಿ ತಿನ್ನಂಗಿಲ್ಲ ಅಂತ ಅವರ ಬಾಯಿಂದ ಮೂರು ಸಲ ಹೇಳಸ್ತೀನಿ."

ಎಲೆ ವಿಷ ಎಂದು ನಿಮಗೆ ತಿಳಿದದ್ದು ಹೇಗೆ ಎಂದು ಕೇಳುತ್ತೇನೆ. "ತಿಳೀತು" ಎಂದಷ್ಟೇ ಹೇಳಿ ಸಲಿಕೆ ಎತ್ತಿಕೊಳ್ಳುತ್ತಾರೆ.

ಇವರ ಊರು ನವಲಗುಂದದ ಕಡೆ. ಗಂಡ ಅಮರೇಶ್ವರ ಇಂಜಿನಿಯರ್, ದಿನಾ ಹೆದ್ದಾರಿ ರೂಟ್ ಒನ್‌ನಲ್ಲಿ ಆಫೀಸಿಗೆ ಕಮ್ಯೂಟ್ ಮಾಡುವವರು. 1968ರಲ್ಲಿ ಇಬ್ಬರೂ ಬಂದಾಗ ಗುರುಸಿದ್ದಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮನೆಯಲ್ಲಿ ಕೂರಲೂ ಬರುತ್ತಿರಲಿಲ್ಲ. ನಡೆದುಕೊಂಡೇ ಈ ತೋಟಕ್ಕೆ ಬಂದು, ಅಜ್ಜಿಯ ಕೈಯಿಂದ ಕಳೆಗುದ್ದಲಿ ಕಿತ್ತುಕೊಂಡು ಕಳೆ ತೆಗೆದರಂತೆ. ಈಗ ಒಂಬತ್ತು ವರ್ಷ. ಡಾಕ್ಟರು, ಪ್ರೊಫೆಸರುಗಳ ಮನೆಯಲ್ಲೂ ಇವರು 'ರೂಬಾರ್ಬ್ ಆಂಟಿ'. ಈ ದೇಶದ ಸೊಪ್ಪುಸದೆಯ ವಿಷಯದಲ್ಲಿ ಆಂಟಿ ಹೇಳಿದ್ದೇ ಕೊನೆ. ಆ ಹೆಸರು ಅವರಿಗೂ ಬಹಳ ಇಷ್ಟ, ಮುಚ್ಚಿಡುವುದಿಲ್ಲ.

ಕೆಲಸ ನೋಡಲು ಸುಲಭ. ಬುಡವನ್ನು ಸಲಿಕೆಯಿಂದ ಸೀಳಬೇಕು, ಒಂದೊಂದು ಹೋಳಿಗೂ ಕೆಂಪು ಮೊಗ್ಗು ಇರಬೇಕು. ಮೂರಡಿಗೊಂದು ಗುಂಡಿ, ಕೆಳಗೆ ಗೊಬ್ಬರ, ಮೊಗ್ಗಿನ ಮೇಲೆ ಎರಡು ಇಂಚು ಮಣ್ಣು. "ಮೊದಲನೇ ವರ್ಷ ಒಂದು ದಂಟೂ ಮುರೀಬಾರ್ದು. ಮಾರ್ಚ್‌ನ್ಯಾಗ, ಗಿಡ ಏಳೂಕಿಂತ ಮೊದ್ಲ ಒಡೀಬೇಕಿತ್ರೀ. ಈ ಸಲ ತ್ವಾಟಾ ಮಾರಿದ ಸುದ್ದಿ ತಡಾ ಆಗಿ ಬಂತು. ಏಪ್ರಿಲ್ ಅರ್ಧ ಆತು, ಎಲಿ ಅಂಗೈ ಅಗಲ ಆಗ್ಯಾವ." ಮಾತಿನ ಮಧ್ಯೆಯೇ ಎದ್ದು ಮತ್ತೆ ಫೋನಿನ ಕಡೆಗೆ ಓಟ. ಮಣ್ಣು ಮೆತ್ತಿದ ಶೂನಲ್ಲೇ ನಾನೂ ಹಿಂದೆ ಓಡುತ್ತೇನೆ.

ಈ ಸಲ ಆ ಕಡೆ ಎತ್ತಿಕೊಂಡದ್ದು ದಿವಾಕರರ ಮಗಳು. "ಗ್ರ್ಯಾಂಡ್‌ಮಾ ಈಸ್ ಕುಕಿಂಗ್ ಸೊಪ್ಪು" ಎನ್ನುತ್ತದೆ ಮಗು. ಅಜ್ಜಿಯನ್ನು ಕರೆ ಎಂದು ಗುರುಸಿದ್ದಮ್ಮ ಕೂಗುತ್ತಾರೆ.

ಅಜ್ಜಿ ಎಂದರೆ ದಿವಾಕರರ ತಾಯಿ ತ್ರಿಪುರಸುಂದರಿ, ಮೈಸೂರಿನಿಂದ ಬಂದು ತಿಂಗಳಾಗಿದೆ. ಅವರ ಗಂಟಲಿಗೆ ಫೋನ್ ಬೇಕಿಲ್ಲ, ಪಕ್ಕದಲ್ಲಿ ನಿಂತ ನನಗೂ ಸ್ಪಷ್ಟವಾಗಿ ಕೇಳುತ್ತದೆ. "ಕೆಂಪು ದಂಟಿನ ಸೊಪ್ಪಿನ ಥರಾನೇ ಇದೆಯಲ್ಲಮ್ಮ. ಹೆಚ್ಚಿ ಬೇಯಕ್ಕೆ ಇಟ್ಟಿದೀನಿ."

"ವಿಷ ಅದ್ರೀ ಅದು. ಚೆಲ್ಲಿಬಿಡ್ರಿ."

"ಐವತ್ತು ವರ್ಷ ಅಡುಗೆ ಮಾಡಿದೀನಿ. ನಾನು ಕಾಣದೇ ಇರೋ ಸೊಪ್ಪಾ? ಬೆಂದ್ರೆ ಎಲ್ಲಾ ಹೋಗತ್ತೆ ಬಿಡಿ."

ಗುರುಸಿದ್ದಮ್ಮ ನನ್ನ ಕಡೆಗೊಮ್ಮೆ ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ.

"ನಾನೂ ಹಂಗ ಅಂದಿದ್ದೆನ್ರಿ. ಇಲ್ಲಿಗೆ ಬಂದ ವರ್ಷ, ಹುಳಿ ಅದ, ಕೆಂಪಗದ, ನಮ್ಮೂರ ಪುಂಡಿ ಸೊಪ್ಪ ಇದು ಅಂತ ಎಲಿ ತಂದು ಪಲ್ಯ ಮಾಡಿದೆ. ನಾನೂ ನಮ್ಮ ಮನಿಯವರೂ ಮೂರು ದಿನ ದವಾಖಾನ್ಯಾಗ ಬಿದ್ದಿದ್ವಿ. ಅವರು ಉಳೀತಾರೋ ಇಲ್ಲೋ ಅನ್ನೂವಂಗಾಗಿತ್ತು. ಒಂಬತ್ತು ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ನಾಚಿಕಿಗೆ. ನಿಮ್ಮ ಕಾಲು ಹಿಡೀತೀನಿ, ಮೊಮ್ಮಗಳಿಗೆ ಬಡಿಸಬ್ಯಾಡ್ರಿ."

ಫೋನಿನಾಚೆ ಆ ದೊಡ್ಡ ಗಂಟಲು ಸೊಸೆಯನ್ನು ಕೂಗುತ್ತದೆ: "ಪದ್ಮಜಾ, ಒಲೆ ಆರಿಸು. ಪಾತ್ರೆ ಸಮೇತ ಆಚೆ ಹಾಕು."

ಫೋನ್ ಇಟ್ಟು ಗುರುಸಿದ್ದಮ್ಮ ಅಲ್ಲೇ ಕುರ್ಚಿಯಲ್ಲಿ ಕೂರುತ್ತಾರೆ. ಬೆಳಗಿನಿಂದ ಅವರು ಕೂತದ್ದು ಇದೇ ಮೊದಲು. ಕೇಳಿಸಿಕೊಳ್ಳಬಾರದ್ದನ್ನು ಕೇಳಿಸಿಕೊಂಡೆನೆಂದು ನನಗೆ ಸಂಕೋಚವಾಗುತ್ತದೆ, ನೋಟ್‌ಬುಕ್ ಮುಚ್ಚಿ ಜೇಬಿಗಿಡುತ್ತೇನೆ.

"ಯಾಕ ಮುಚ್ಚಿದ್ರಿ?" ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. "ತಗೀರಿ, ಬರೀರಿ. ನನ್ನ ಹೆಸರು ಹಾಕ್ರಿ, ಊರು ಹಾಕ್ರಿ, ಮೂರು ದಿನ ದವಾಖಾನ್ಯಾಗ ಬಿದ್ದಿದ್ದೂ ಹಾಕ್ರಿ. ನಗೋರು ನಗಲಿ. ಎಲಿ ತಿನ್ನದಿದ್ರ ಸಾಕು."