ರಯ್ಯಾ ನೆಟ್ಟ ಹನ್ನೆರಡು ಬನ್ನಿ

ಒಮಾನಿನ ಮರಳು ಶುರುವಾಗುವ ಅಂಚಿಗೆ ನಮ್ಮೂರು. ನಾವು ಖರ್ಜೂರದ ಜನ. ಕಾಲುವೆ ನೀರಿನ ಸರದಿ ಅರ್ಧ ಗಳಿಗೆ ತಪ್ಪಿದರೂ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಇಂಥ ಊರಿಗೆ ಸೊಸೆಯಾಗಿ ಬಂದವಳು ರಯ್ಯಾ, ಮರಳಿನ ನಡುವೆ ಆಡು ಮೇಯಿಸುತ್ತಿದ್ದವನ ಮಗಳು. ಅವಳದು ಕಡ್ಡಿ ಮುರಿದ ಹಾಗೆ ಮಾತು, ಹಿಡಿದರೆ ಬಿಡದ ಹಟ.

ಗಂಡ ತೀರಿಕೊಂಡ ಮೇಲೆ ಅವನ ಮರಗಳೂ ನೀರಿನ ಪಾಲೂ ಅವನ ಅಣ್ಣ ಹಮ್ದಾನನ ಕೈ ಸೇರಿದವು. ಹೇಗೆ ಸೇರಿದವು ಎಂದು ಕೇಳಬಾರದು, ಹಮ್ದಾನನ ಗಂಟಲು ದೊಡ್ಡದು. ರಯ್ಯಾಳಿಗೆ ಉಳಿದದ್ದು ಭಾವನ ಮನೆಯ ಅಡುಗೆ ಕೋಣೆಯ ಮೂಲೆ. ಎರಡು ತಿಂಗಳು ಅಲ್ಲಿ ಪಾತ್ರೆ ತಿಕ್ಕಿ, ಮೂರನೇ ತಿಂಗಳು ಅವಳು ಕಾಲುವೆಯ ಯಜಮಾನ ಖಲ್ಫಾನಜ್ಜನ ಮುಂದೆ ಹೋಗಿ ಕೂತಳು.

"ಅಜ್ಜ, ಕಾಲುವೆ ಆಚೆ ಸತ್ತ ನೆಲ ಬಿದ್ದಿದೆಯಲ್ಲ, ಅದನ್ನ ನಾನು ಬದುಕಿಸ್ತೀನಿ."

ಸತ್ತ ನೆಲಕ್ಕೆ ಜೀವ ತಂದವರಿಗೇ ಅದು ಸೇರಬೇಕು ಎನ್ನುವುದು ನಮ್ಮಲ್ಲಿ ಹಳೆಯ ಕಟ್ಟಳೆ. ಗಡುವು ಮೂರು ವರ್ಷ. ಆದರೆ ಆ ಜಾಗದಲ್ಲಿ ಒಂಟೆ ದೊಡ್ಡಿ ಕಟ್ಟಬೇಕೆಂದಿದ್ದ ಹಮ್ದಾನ್ ಸುಮ್ಮನಿರುತ್ತಾನೆಯೇ?

"ನೀರು ಹೊತ್ತು ಹೊತ್ತು ನಾಲ್ಕು ಎಲೆ ಚಿಗುರಿಸಿದ್ರೆ ನೆಲ ಬದುಕಿದ ಹಾಗಾಯ್ತಾ? ಯಾರು ಬೇಕಾದ್ರೂ ಮಾಡ್ತಾರೆ!"

ಅಜ್ಜ ಗಡ್ಡ ನೀವಿಕೊಂಡ. "ಸರಿ. ಮೂರನೇ ಬೇಸಿಗೆ ಒಂದು ತೊಟ್ಟು ನೀರು ಹಾಕೋ ಹಾಗಿಲ್ಲ. ಆಗಲೂ ಹಸಿರು ನಿಂತ್ರೆ ನೆಲ ರಯ್ಯಾಳದು. ಇಲ್ಲಾಂದ್ರೆ ನಿನ್ನ ದೊಡ್ಡಿಗೆ."

ಹಮ್ದಾನ್ ನಕ್ಕ. "ಹೋಗಿ ಬಾ ತಾಯಿ. ನನ್ನ ಅಡುಗೆ ಮನೆ ಎಲ್ಲೂ ಓಡಿ ಹೋಗಲ್ಲ."

ರಯ್ಯಾ ಆರಿಸಿಕೊಂಡದ್ದು ಬನ್ನಿ ಮರ. ಯಾರೋ ಎಸೆದಿದ್ದ ಕೊಳವೆಗಳನ್ನು ತೋಳುದ್ದಕ್ಕೆ ಕತ್ತರಿಸಿ, ಮರಳು ತುಂಬಿ, ಬೀಜ ಊರಿದಳು. ಮೇಲೆ ನಾಲ್ಕೆಲೆ ಬರುವ ಹೊತ್ತಿಗೆ ಕೆಳಗೆ ಬೇರು ಕೊಳವೆಯ ತಳ ಮುಟ್ಟಿರಬೇಕು, ಅದು ಅವಳ ಅಪ್ಪನ ಲೆಕ್ಕಾಚಾರ. ಹನ್ನೆರಡು ಸಸಿ ನೆಟ್ಟು ಬುಡಕ್ಕೆ ಕಲ್ಲು ಹೊದಿಸಿದಳು. ಮೊದಲ ವರ್ಷ ವಾರಕ್ಕೊಂದು ಕೊಡ ನೀರು, ಎರಡನೇ ವರ್ಷ ತಿಂಗಳಿಗೊಂದು. ಸಸಿಗಳು ಮೊಣಕಾಲೆತ್ತರಕ್ಕೆ ನಿಂತುಬಿಟ್ಟವು, ಬಣ್ಣ ಬೂದಿ.

ನಮ್ಮೂರಲ್ಲಿ ಬಾಯಾರಿದ ಜೀವಕ್ಕೆ ನೀರು ಕೊಡದೆ ಹೋಗುವುದಕ್ಕಿಂತ ದೊಡ್ಡ ಪಾಪವಿಲ್ಲ. ಹೆಂಗಸರು ಅವಳನ್ನು ಕಂಡು ಮುಖ ತಿರುಗಿಸತೊಡಗಿದರು. ಆ ನೆಲಕ್ಕೆ ಹಿತ್ತಿಲು ತಾಗಿದ ಮನೆಯ ಜುವೇನಾ ಮಾತ್ರ ಎದುರಿಗೇ ಅಂದಳು: "ಎಂಥ ಕಲ್ಲೆದೆಯೇ ನಿಂದು! ತುಂಬಿದ ಕೊಡ ಹೊತ್ಕೊಂಡು ಅವುಗಳ ಮುಂದೇನೇ ಹೋಗ್ತೀಯಲ್ಲ, ಹೊಟ್ಟೆ ಚುರುಕ್ ಅನ್ನಲ್ವಾ?"

"ಅನ್ನತ್ತೆ. ಅದಕ್ಕೇ ಆ ಕಡೆ ನೋಡಲ್ಲ," ಎಂದಳು ರಯ್ಯಾ. ಅಪ್ಪ ಹೇಳಿದ್ದು ಸುಳ್ಳಾದರೆ ಎಂಬ ಭಯ ದಿನವೂ ಅವಳ ಜೊತೆಗೇ ಊಟಕ್ಕೆ ಕೂರುತ್ತಿತ್ತು.

ಮೂರನೇ ಬೇಸಿಗೆ ಬಂತು. ಹಿತ್ತಿಲ ಬೇಲಿಯ ಪಕ್ಕದ ಮೂರು ಸಸಿ ಮಾತ್ರ ಎದೆಯೆತ್ತರ ಬೆಳೆದು ನಳನಳಿಸುತ್ತಿದ್ದವು. ಅವಷ್ಟೇ ಯಾಕೆ ಹೀಗೆ ಎಂದು ರಯ್ಯಾಳಿಗೆ ಅನುಮಾನವಿತ್ತು. ಕೊನೆಯ ವಾರದ ಒಂದು ಬೆಳಿಗ್ಗೆ ಹಮ್ದಾನನ ಕೂಗಿಗೆ ಊರೇ ಓಡಿಬಂತು. ಅವನು ಬೇಲಿಯ ಬಳಿ ಜುವೇನಾಳ ಕೈಯಲ್ಲಿದ್ದ ತಂಬಿಗೆ ಹಿಡಿದು ನಿಂತಿದ್ದ.

"ನೋಡಿ! ಕಳ್ಳತನದಲ್ಲಿ ನೀರು ಹಾಕಿಸ್ತಿದ್ದಾಳೆ!"

ಜುವೇನಾ ಗೊಳೋ ಎಂದು ಅತ್ತಳು. "ರಯ್ಯಾಗೆ ಗೊತ್ತೇ ಇಲ್ಲ ಅಜ್ಜ. ನೋಡಿ ನೋಡಿ ತಡಕೊಳ್ಳೋಕಾಗ್ಲಿಲ್ಲ. ಎರಡು ವರ್ಷದಿಂದ ಈ ಮೂರಕ್ಕೆ ಮಾತ್ರ, ಬೇಲಿಯಿಂದ ಕೈ ಎಟುಕೋದು ಅಷ್ಟೇ."

ರಯ್ಯಾಳಿಗೆ ಮೂರು ವರ್ಷದ ಹಟ ಒಬ್ಬಳ ಮರುಕದಿಂದ ಮಣ್ಣುಪಾಲಾಯಿತಲ್ಲ ಎಂದು ಸಿಟ್ಟು ಬಂತು, ಅಳುವೂ ಬಂತು.

"ಮೂರಂತೆ! ಹನ್ನೆರಡಕ್ಕೂ ಹಾಕಿದ್ದಾರೆ. ನೀರು ಕುಡಿದೇ ಬದುಕಿದ ಗಿಡ ಇವು!" ಎಂದು ಹಮ್ದಾನ್ ಎತ್ತರದ ಸಸಿಯೊಂದನ್ನು ಹಿಡಿದು ಎಳೆದ. ಒಂದೇ ಕೈಗೆ ಬುಡಸಮೇತ ಬಂತು. ನೆಡುವಾಗಿನ ಉದ್ದ ಬೇರು ಕೊಳೆತು ಹೋಗಿ, ಹೊಸ ಬೇರೆಲ್ಲ ಗೇಣಗಲಕ್ಕೆ, ಸಿಕ್ಕುಗಟ್ಟಿದ ಕೂದಲಿನಂತೆ ಮೇಲೆಯೇ ಹರಡಿತ್ತು. "ಇದೇ ನಿಮ್ಮ ರಯ್ಯಾಳ ಮರ!"

ಆ ಬೇರನ್ನು ನೋಡಿದ್ದೇ ರಯ್ಯಾಳ ಮುಖ ಬದಲಾಯಿತು. ಕಣ್ಣೊರೆಸಿಕೊಂಡು ನಡುವೆ ನಿಂತಿದ್ದ ಒಂದು ಕುಳ್ಳ ಸಸಿಯನ್ನು ತೋರಿಸಿದಳು.

"ಭಾವ, ಇದನ್ನೂ ಕೀಳಿ."

ಹಮ್ದಾನ್ ಒಂದು ಕೈ ಹಾಕಿದ. ಆಮೇಲೆ ಎರಡು. ಕಾಲೂರಿ ಎಳೆದ. ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮರಳಿಗೆ ಬಿತ್ತು, ಹೆಂಗಸರು ಮುಸಿಮುಸಿ ನಕ್ಕರು. ಸಸಿ ಅಲುಗಲಿಲ್ಲ.

"ಎಳೆಯೋ, ಎಳಿ," ಎಂದ ಖಲ್ಫಾನಜ್ಜ. "ಆಗ್ಲಿಲ್ಲಾಂದ್ರೆ ಅಗಿ."

ಹಮ್ದಾನ್ ಸಿಟ್ಟಿನಿಂದ ಸಲಿಕೆ ತಂದು ಅಗೆದ. ಮೊಣಕಾಲಾಳ, ಸೊಂಟದಾಳ, ಎದೆಯಾಳ. ಹೆಬ್ಬೆರಳು ದಪ್ಪದ ಒಂದೇ ಬೇರು ನೆಟ್ಟಗೆ ಕೆಳಗೆ ಇಳಿಯುತ್ತಲೇ ಇತ್ತು, ಸುತ್ತ ಒಣ ಮರಳು. ಕೊನೆಗೆ ಅವನು ಮೇಲೆ ಎಸೆದ ಮರಳನ್ನು ಅಜ್ಜ ಅಂಗೈಯಲ್ಲಿ ಹಿಸುಕಿದ. ಅದು ತಣ್ಣಗೆ ಮುದ್ದೆಗಟ್ಟಿತು.

"ಮೇಲಿಂದ ಯಾರೋ ಹಾಕಿದ ನೀರಲ್ಲ ಇದು," ಎಂದ ಅಜ್ಜ, ಎಲ್ಲರಿಗೂ ಕೇಳುವ ಹಾಗೆ. "ಇವು ತಮ್ಮ ನೀರು ತಾವೇ ಹುಡುಕ್ಕೊಂಡಿವೆ. ಒಂಬತ್ತು ಸಾಕು. ನೆಲ ಬದುಕಿದೆ."

ಜುವೇನಾ ಅಳುತ್ತಲೇ ರಯ್ಯಾಳನ್ನು ತಬ್ಬಿಕೊಂಡಳು. ಗಂಡ ಹೋದ ಮೇಲೆ ಮೊದಲ ಸಲ ರಯ್ಯಾ ಊರೆಲ್ಲ ಕೇಳುವಂತೆ ನಕ್ಕಳು. ನಗು ನಿಲ್ಲಲೇ ಇಲ್ಲ.

ಹಮ್ದಾನ್ ಮೈಯೆಲ್ಲ ಮರಳಾಗಿ ಇನ್ನೂ ಗುಂಡಿಯಲ್ಲೇ ಇದ್ದ. "ಅಜ್ಜ, ಇದನ್ನ ಮುಚ್ಚಿಬಿಡ್ಲಾ?"

"ನನ್ನನ್ಯಾಕೆ ಕೇಳ್ತೀಯ? ನೆಲದ ಯಜಮಾನಿ ಅಲ್ಲಿದ್ದಾಳೆ."

ಹಮ್ದಾನ್ ಸಲಿಕೆಯ ಹಿಡಿಯನ್ನು ಎರಡು ಸಲ ತಿರುಗಿಸಿದ, ಗಂಟಲು ಸರಿಮಾಡಿಕೊಂಡ. ಮೇಲೆ ನೋಡಿದ.

"ಮುಚ್ಲಾ ರಯ್ಯಾ?"

"ಮುಚ್ಚಿ ಭಾವ," ಎಂದಳು ಅವಳು. "ನಿಧಾನ. ಬೇರಿಗೆ ಪೆಟ್ಟಾದೀತು."