ತಿಳಿನೀರಿನ ತಳ

ದೇರೆಬೈಲಿನಲ್ಲಿ ಸಿಟಿ ಬಸ್ಸು ಹತ್ತಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೂಳೂರು ಸೇತುವೆಯಾಚೆಗೆ ಇಬ್ಬರಿಗೆ ಟಿಕೆಟು ತೆಗೆದೆ. ಜೊತೆಗಿದ್ದವಳು ನೆರೆಮನೆಯ ಶಾಲಿನಿ. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಸೇತುವೆಯಾಚೆ ಹೊಳೆಯ ಬದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡೊಂದಿದೆ. ಅಲ್ಲಿನ ನೀಲಿ ನೀರನ್ನು ಶುದ್ಧ ಮಾಡಲು ಅವಳು ಒಂದು ಪುಡಿ ತಯಾರಿಸಿದ್ದಳು: ಸತುವಿನ ಆಕ್ಸೈಡಿನ ನ್ಯಾನೋ ಕಣಗಳು, ಅವುಗಳೊಳಗೆ ತುಸು ತಾಮ್ರ. ಬೆಳಕು ಬಿದ್ದರೆ ಈ ಅರೆವಾಹಕ ಕಣಗಳು ಬಣ್ಣವನ್ನು ಒಡೆದುಹಾಕಬೇಕು. ಹಿಂದಿನ ದಿನ ಶೆಡ್ಡಿನ ತೊಟ್ಟಿಗೂ ಎರಡು ಡ್ರಮ್ಮಿನ ನೀರಿಗೂ ಪುಡಿ ಬೆರೆಸಿ, ಒಂದು ಡ್ರಮ್ಮನ್ನು ಬಿಸಿಲಿಗಿಟ್ಟು, ಇನ್ನೊಂದಕ್ಕೆ ಟಾರ್ಪಾಲು ಮುಚ್ಚಿ ಬಂದಿದ್ದಳು.

"ಮುಚ್ಚಿದ್ದು ಯಾಕೆ?" ಎಂದು ಕೇಳಿದೆ.

"ಅದು ನೀಲಿಯಾಗಿಯೇ ಉಳಿಯಬೇಕು. ಆಗ ಕೆಲಸ ಮಾಡಿದ್ದು ಬೆಳಕೇ ಅಂತ ಗೊತ್ತಾಗ್ತದೆ."

ಕೊಟ್ಟಾರ ಚೌಕಿಯಲ್ಲಿ ವಾಹನಗಳ ಸಾಲಿನೊಳಗೆ ಬಸ್ಸು ನಿಂತುಬಿಟ್ಟಿತು. ಆಗಲೇ ಶೆಡ್ಡಿನ ಮಾಲೀಕ ಹಮೀದಾಕ ಕಳಿಸಿದ ಫೋಟೋ ಬಂತು. ತೊಟ್ಟಿಯ ನೀರು ತಿಳಿಯಾಗಿತ್ತು. ಹೊಳೆಗೆ ಬಿಡುತ್ತೇನೆ ಎಂದು ಬರೆದಿದ್ದರು. ಶಾಲಿನಿ ಮತ್ತೆ ಮತ್ತೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ.

ನಾವು ಮುಟ್ಟಿದಾಗ ಹಮೀದಾಕ ತೊಟ್ಟಿಯ ತಳದ ವಾಲ್ವಿನ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ತೊಟ್ಟಿಯ ನೀರಿನ ಲೋಟ ಹಿಡಿದಿದ್ದರು. ಎದುರಿಗೆ ಶಾಲಿನಿಯ ದೊಡ್ಡಮ್ಮ ಗಿರಿಜಕ್ಕ, ಸೀರೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು. ಹೊಳೆ ಇಳಿದಾಗ ಕೆಸರಿನಲ್ಲಿ ಮರುವಾಯಿ ಎಂಬ ತಿನ್ನುವ ಚಿಪ್ಪು ಹೆಕ್ಕಿ ಮಾರುವವರು ಅವರು.

"ಕುಡಿದು ತೋರಿಸ್ಬೇಕಾ ಗಿರಿಜಕ್ಕ? ನಿಮ್ಮ ಬಾವಿ ನೀರಿಗಿಂತ ಚಂದ ಉಂಟು."

"ನೀವು ಕುಡಿದ್ರೆ ನಿಮ್ಮೊಬ್ಬರ ಹೊಟ್ಟೆ ಮಾರಾಯ್ರೆ. ನನ್ನ ಮರುವಾಯಿ ಅರ್ಧ ಊರು ತಿಂತದೆ."

ಶಾಲಿನಿ ಯಾರನ್ನೂ ಮಾತಾಡಿಸದೆ ನೇರ ಹೋಗಿ ಟಾರ್ಪಾಲು ಎಳೆದಳು. ಕತ್ತಲಲ್ಲಿದ್ದ ನೀರೂ ತಿಳಿಯಾಗಿತ್ತು. ಅವಳು ಬಿಸಿಲಿನ ಡ್ರಮ್ಮಿನೊಳಗೆ ಮಗ್ಗು ಇಳಿಸಿ ತಳದಿಂದ ಎತ್ತಿದಳು. ಗಾಢ ನೀಲಿ ಕೆಸರು.

"ಬಣ್ಣ ಒಡೆದಿಲ್ಲ. ಪುಡಿಗೆ ಅಂಟಿ ಕೆಳಗೆ ಕೂತಿದೆ ಅಷ್ಟೇ. ಇಷ್ಟು ಆಳಕ್ಕೆ ಬೆಳಕು ಇಳಿಯಲೇ ಇಲ್ಲ. ತೊಟ್ಟಿಯಲ್ಲೂ ಹೀಗೇ."

"ಎಂತ ಹೇಳ್ತಿ ನೀನು?" ಹಮೀದಾಕರ ಸ್ವರ ಏರಿತು. "ತೊಟ್ಟಿ ಖಾಲಿಯಾಗದೆ ಕೆಲಸ ಇಲ್ಲ. ಜನ ಎಲ್ಲ ಸುಮ್ಮನೆ ಕೂತಿದ್ದಾರೆ. ಪುಡಿ ನಿನ್ನದು, ನೀರು ತಿಳಿಯಾದ್ರೆ ಆಯ್ತು ಅಂದವಳೂ ನೀನೇ!"

"ಹೌದು. ಹಾಗೆ ಹೇಳಬಾರದಿತ್ತು."

ಅವರ ಕೈ ವಾಲ್ವನ್ನು ಬಿಟ್ಟಿರಲಿಲ್ಲ. ಶಾಲಿನಿ ಲೋಟ ತೆಗೆದುಕೊಂಡು, ನೀರು ಚೆಲ್ಲಿ, ಮಗ್ಗಿನ ಕೆಸರು ತುಂಬಿ ಚಾಚಿದಳು.

"ವಾಲ್ವು ತಳದಲ್ಲುಂಟು ಹಮೀದಾಕ. ಮೊದಲು ಹೊಳೆಗೆ ಹೋಗುವುದು ಇದು. ಬಣ್ಣವೂ, ನನ್ನ ತಾಮ್ರವೂ. ಮರುವಾಯಿ ಅದನ್ನೆಲ್ಲ ಹೀರಿಕೊಳ್ತದೆ."

ಹಮೀದಾಕ ಲೋಟವನ್ನೇ ನೋಡಿದರು.

ಕೊನೆಗೆ ಅವರು ಬಗ್ಗಿ, ವಾಲ್ವಿನ ಕಬ್ಬಿಣದ ಹಿಡಿ ಕಳಚಿ ಗಿರಿಜಕ್ಕನ ಬುಟ್ಟಿಗೆ ಹಾಕಿದರು.

"ನಿಮ್ಮ ಹತ್ತಿರವೇ ಇರಲಿ. ಕೆಲಸ ಇಲ್ಲದೆ ಸಂಜೆಯಾದ್ರೆ ನನ್ನ ಬುದ್ಧಿ ಹೇಗಿರ್ತದೋ ಹೇಳ್ಲಿಕ್ಕಾಗುದಿಲ್ಲ."

ವಾಪಸು ಬರುವಾಗ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಗಿರಿಜಕ್ಕ ಸೊಂಟದವರೆಗೆ ನೀರಿಗಿಳಿದು ಕಾಲಿನಿಂದ ಕೆಸರು ತಡಕುತ್ತಿದ್ದರು. ನಾನು ತಿರುಗಿ ತಿರುಗಿ ನೋಡಿದೆ. ಶಾಲಿನಿ ಮಾತ್ರ ಆ ಕಡೆ ಮುಖ ಹಾಕಲಿಲ್ಲ.